ಪ್ಲೇಆಫ್‌ಗೆ ನಾಲ್ಕು ತಂಡ ಸಾಕೇ, ಆರು ಬೇಕೇ?

ದುಬೈ ಸಿಲಿಕಾನ್ ಓಯಸಿಸ್: ಐಪಿಎಲ್ ಶುರುವಾಯಿತೆಂದರೆ ಇಲ್ಲಿನ ಕನ್ನಡ ಕುಟುಂಬಗಳ ಸಂಜೆಯ ಲೆಕ್ಕಾಚಾರವೇ ಬದಲಾಗುತ್ತದೆ. ಊರಿನಲ್ಲಿ ರಾತ್ರಿ ಏಳೂವರೆಗೆ ಶುರುವಾಗುವ ಪಂದ್ಯ ನಮಗಿಲ್ಲಿ ಸಂಜೆ ಆರಕ್ಕೇ. ಆಫೀಸು ಬಿಟ್ಟು ಟ್ರಾಫಿಕ್ ದಾಟಿ ಮನೆ ಸೇರುವಷ್ಟರಲ್ಲಿ ಪವರ್‌ಪ್ಲೇ ಮುಗಿದಿರುತ್ತದೆ! ಲೀಗ್ ಕೊನೆಯ ವಾರಕ್ಕೆ ಬಂದಾಗಲಂತೂ ಮಾತು ಒಂದೇ: "ನಮ್ಮ ಆರ್‌ಸಿಬಿ ಪ್ಲೇಆಫ್‌ಗೆ ಹೋಗುತ್ತದೆಯೇ?" ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ. ಹತ್ತು ತಂಡಗಳಿರುವಾಗ ನಾಲ್ಕಕ್ಕೆ ಮಾತ್ರ ಏಕೆ ಅವಕಾಶ? ಆರಕ್ಕೆ ಏರಿಸಿದರೆ ಏನು ತಪ್ಪು? ಇದರ ಎರಡೂ ಬದಿಯನ್ನು ಸ್ವಲ್ಪ ಸಮಾಧಾನವಾಗಿ ನೋಡೋಣ.

ಈಗಿನ ಪದ್ಧತಿ ಹೇಗೆ?

2008ರಿಂದ 2010ರವರೆಗೆ ಐಪಿಎಲ್‌ನಲ್ಲಿ ಮೊದಲ ನಾಲ್ಕು ತಂಡಗಳು ನೇರ ಸೆಮಿಫೈನಲ್ ಆಡುತ್ತಿದ್ದವು. ಒಂದು ಸೋತರೆ ಮನೆಗೆ. ಲೀಗ್‌ನಲ್ಲಿ ಮೊದಲ ಸ್ಥಾನ ಪಡೆದವರಿಗೂ ನಾಲ್ಕನೆಯವರಿಗೂ ಒಂದೇ ನ್ಯಾಯ! 2009ರಲ್ಲಿ ನಾಲ್ಕನೇ ಸ್ಥಾನದ ಡೆಕ್ಕನ್ ಚಾರ್ಜರ್ಸ್ ತಂಡವೇ ಕಪ್ ಎತ್ತಿತು. ಜೋಹಾನ್ಸ್‌ಬರ್ಗ್‌ನ ಆ ಫೈನಲ್‌ನಲ್ಲಿ 6 ರನ್‌ಗಳಿಂದ ಸೋತದ್ದು ಅನಿಲ್ ಕುಂಬ್ಳೆ ನಾಯಕತ್ವದ ನಮ್ಮ ಬೆಂಗಳೂರು ತಂಡ ಎಂಬುದನ್ನು ನಾವ್ಯಾರೂ ಮರೆತಿಲ್ಲ.

2011ರಲ್ಲಿ ಪದ್ಧತಿ ಬದಲಾಯಿತು. ಆಸ್ಟ್ರೇಲಿಯಾದ ವಿಕ್ಟೋರಿಯಾದ ಫುಟ್‌ಬಾಲ್ ಲೀಗ್ 1931ರಲ್ಲೇ ಅಳವಡಿಸಿಕೊಂಡಿದ್ದ 'ಪೇಜ್ ಪ್ಲೇಆಫ್' ಮಾದರಿ ಇದು. ಮೊದಲೆರಡು ತಂಡಗಳು ಕ್ವಾಲಿಫೈಯರ್-1 ಆಡುತ್ತವೆ. ಗೆದ್ದವರು ನೇರ ಫೈನಲ್‌ಗೆ. ಸೋತವರಿಗೆ ಇನ್ನೊಂದು ಅವಕಾಶ. ಮೂರನೆಯ ಮತ್ತು ನಾಲ್ಕನೆಯ ತಂಡಗಳು ಎಲಿಮಿನೇಟರ್ ಆಡುತ್ತವೆ. ಅಲ್ಲಿ ಸೋತವರ ಕಥೆ ಮುಗಿಯಿತು. ಗೆದ್ದವರು ಕ್ವಾಲಿಫೈಯರ್-1ರಲ್ಲಿ ಸೋತವರನ್ನು ಕ್ವಾಲಿಫೈಯರ್-2ರಲ್ಲಿ ಎದುರಿಸಬೇಕು. ಲೀಗ್‌ನ 70, ಇದರ 4, ಒಟ್ಟು 74 ಪಂದ್ಯ.

ಲೆಕ್ಕ ಏನು ಹೇಳುತ್ತದೆ?

ಎಲ್ಲ ತಂಡಗಳೂ ಸಮಬಲದವು, ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದ ಹಾಗೆ ಎಂದು ಇಟ್ಟುಕೊಳ್ಳಿ. ಸೆಮಿಫೈನಲ್ ಪದ್ಧತಿಯಲ್ಲಿ ನಾಲ್ಕೂ ತಂಡಗಳಿಗೆ ಕಪ್ ಗೆಲ್ಲುವ ಅವಕಾಶ ತಲಾ ಶೇ. 25. ಈಗಿನ ಪದ್ಧತಿಯಲ್ಲಿ ಮೊದಲೆರಡು ತಂಡಗಳಿಗೆ ತಲಾ ಶೇ. 37.5, ಉಳಿದೆರಡಕ್ಕೆ ತಲಾ ಶೇ. 12.5. ಅಂದರೆ ಎರಡನೇ ಸ್ಥಾನಕ್ಕೂ ಮೂರನೇ ಸ್ಥಾನಕ್ಕೂ ಮೂರು ಪಟ್ಟು ವ್ಯತ್ಯಾಸ!

ಇದು ಬರೀ ಕಾಗದದ ಲೆಕ್ಕವಲ್ಲ. 2011ರಿಂದ 2025ರವರೆಗಿನ 15 ಕಪ್‌ಗಳಲ್ಲಿ 5 ಲೀಗ್‌ನ ಮೊದಲ ಸ್ಥಾನದವರಿಗೆ, 9 ಎರಡನೇ ಸ್ಥಾನದವರಿಗೆ ಹೋಗಿವೆ. ಮೂರನೇ ಸ್ಥಾನದಿಂದ ಬಂದು ಗೆದ್ದದ್ದು 2016ರ ಸನ್‌ರೈಸರ್ಸ್ ಹೈದರಾಬಾದ್ ಮಾತ್ರ. ಅದೂ ಚಿನ್ನಸ್ವಾಮಿಯಲ್ಲಿ ನಮ್ಮನ್ನೇ 8 ರನ್‌ಗಳಿಂದ ಸೋಲಿಸಿ! ನಾಲ್ಕನೇ ಸ್ಥಾನದವರು ಈ ಅವಧಿಯಲ್ಲಿ ಒಮ್ಮೆಯೂ ಗೆದ್ದಿಲ್ಲ.

ಆರು ಬೇಕು ಎನ್ನುವವರ ವಾದ

ಈ ವಾದವನ್ನು ತಳ್ಳಿಹಾಕುವಂತಿಲ್ಲ. 2020ರಲ್ಲಿ ಇಡೀ ಐಪಿಎಲ್ ನಮ್ಮ ಯುಎಇಯಲ್ಲೇ, ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ ನಡೆಯಿತು. ಹೈದರಾಬಾದ್, ಬೆಂಗಳೂರು, ಕೋಲ್ಕತ್ತಾ ಮೂವರಿಗೂ 14 ಅಂಕ. ಆರ್‌ಸಿಬಿ ತನ್ನ ಕೊನೆಯ ಲೀಗ್ ಪಂದ್ಯವನ್ನು ಅಬುಧಾಬಿಯಲ್ಲಿ ಡೆಲ್ಲಿಗೆ ಸೋತರೂ, ಡೆಲ್ಲಿ ಗುರಿ ತಲುಪಲು 17.3 ಓವರ್‌ಗಿಂತ ಹೆಚ್ಚು ತೆಗೆದುಕೊಂಡದ್ದರಿಂದ ಒಳಗೆ ಬಂತು. ಕೋಲ್ಕತ್ತಾ ನೆಟ್ ರನ್‌ರೇಟ್‌ನ ಕೂದಲೆಳೆಯ ಅಂತರದಲ್ಲಿ ಹೊರಗುಳಿಯಿತು. ಎರಡು ತಿಂಗಳ ದುಡಿಮೆ ಇಂಥ ಭಿನ್ನರಾಶಿಯ ಮೇಲೆ ನಿಲ್ಲಬೇಕೇ ಎಂಬ ಪ್ರಶ್ನೆ ಸಹಜವೇ.

ಇನ್ನೊಂದು ನಮ್ಮದೇ ಸ್ವಾರ್ಥದ ಲೆಕ್ಕ. 2023ರಲ್ಲಿ ಆರ್‌ಸಿಬಿ ಮುಗಿಸಿದ್ದು ಆರನೇ ಸ್ಥಾನದಲ್ಲಿ. ಆರು ತಂಡಗಳ ನಿಯಮ ಇದ್ದಿದ್ದರೆ ಕೊಹ್ಲಿಯ ಶತಕ ವ್ಯರ್ಥವಾದ ಗುಜರಾತ್ ವಿರುದ್ಧದ ಆ ರಾತ್ರಿಯ ನಂತರವೂ ನಮ್ಮ ತಂಡ ಉಳಿದಿರುತ್ತಿತ್ತು!

ಅಮೆರಿಕದಲ್ಲಿರುವ ನಮ್ಮ ಬಂಧುಗಳು ಅಲ್ಲಿನ ಕಾಲೇಜು ಫುಟ್‌ಬಾಲ್ ಉದಾಹರಣೆ ಕೊಡುತ್ತಾರೆ. ಅಲ್ಲಿ 2014ರಿಂದ ನಾಲ್ಕೇ ತಂಡಗಳ ಪ್ಲೇಆಫ್ ಇತ್ತು. 2023ರಲ್ಲಿ ಫ್ಲೋರಿಡಾ ಸ್ಟೇಟ್ 13ಕ್ಕೆ 13 ಪಂದ್ಯ ಗೆದ್ದರೂ ಆ ನಾಲ್ಕರಲ್ಲಿ ಜಾಗ ಸಿಗಲಿಲ್ಲ. 2024ರ ಋತುವಿನಿಂದ ಅದನ್ನು 12ಕ್ಕೆ ಏರಿಸಲಾಯಿತು. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಅಲ್ಲಿ ತಂಡಗಳನ್ನು ಆರಿಸುವುದು ಒಂದು ಸಮಿತಿ. ನೂರಕ್ಕೂ ಹೆಚ್ಚು ತಂಡಗಳು ಪರಸ್ಪರ ಆಡುವುದು ಸಾಧ್ಯವೇ ಇಲ್ಲ. ಐಪಿಎಲ್‌ನಲ್ಲಿ ಎಲ್ಲರೂ ಎಲ್ಲರ ವಿರುದ್ಧ ಆಡುತ್ತಾರೆ, ಆರಿಸುವುದು ಅಂಕಪಟ್ಟಿ. ಅವರ ರೋಗಕ್ಕೆ ಕೊಟ್ಟ ಮದ್ದು ನಮಗೂ ಬೇಕೆಂದೇನಿಲ್ಲ. ಹನ್ನೆರಡರ ಆ ಮೊದಲ ವರ್ಷ ನೇರ ಕ್ವಾರ್ಟರ್‌ಫೈನಲ್ ಪ್ರವೇಶ ಪಡೆದ ನಾಲ್ಕೂ ತಂಡಗಳು ಅಲ್ಲೇ ಸೋತವು. ಎಂಟನೇ ಶ್ರೇಯಾಂಕದ ಒಹಾಯೊ ಸ್ಟೇಟ್ ಚಾಂಪಿಯನ್ ಆಯಿತು.

ಕಬಡ್ಡಿ ಕಲಿಸಿದ ಪಾಠ

ದೂರದ ಅಮೆರಿಕ ಏಕೆ, ನಮ್ಮ ಬೆಂಗಳೂರು ಬುಲ್ಸ್ ಇದರ ಸಿಹಿ-ಕಹಿ ಎರಡನ್ನೂ ಉಂಡಿದೆ. 2019ರ ಪ್ರೊ ಕಬಡ್ಡಿಯಲ್ಲಿ 12 ತಂಡಗಳ ಪೈಕಿ ಆರಕ್ಕೆ ಪ್ಲೇಆಫ್ ಅವಕಾಶವಿತ್ತು. ಆರನೆಯದಾಗಿ ನುಸುಳಿದ ಬುಲ್ಸ್ ಮೂರನೇ ಸ್ಥಾನದ ಯುಪಿ ಯೋಧಾವನ್ನು ಹೊರಹಾಕಿ ಸೆಮಿಫೈನಲ್ ತಲುಪಿತು. ನಾವೆಲ್ಲ ಕುಣಿದಾಡಿದೆವು. 2025ರಲ್ಲಿ ಲೀಗ್ ಮುಗಿದ ಮೇಲೂ ಎಂಟು ತಂಡಗಳು ಕಣದಲ್ಲಿದ್ದವು. ಈ ಸಲ ಬುಲ್ಸ್ ಮೂರನೇ ಸ್ಥಾನದಲ್ಲಿತ್ತು. ತೆಲುಗು ಟೈಟಾನ್ಸ್‌ಗೆ ಸೋತು, ಬಳಿಕ ಏಳನೇ ಸ್ಥಾನದಿಂದ ಬಂದ ಪಟ್ನಾ ಪೈರೇಟ್ಸ್‌ಗೂ ಸೋತು ಮನೆಗೆ ಬಂತು. ಬಾಗಿಲು ಅಗಲವಾದರೆ ನಾವು ಒಳಗೆ ಹೋಗಬಹುದು ನಿಜ, ನಮ್ಮ ಹಿಂದಿದ್ದವರೂ ಒಳಗೆ ಬರುತ್ತಾರಲ್ಲ!

ಆರು ತಂಡ, ಎರಡು ದಾರಿ

ಮುಖ್ಯ ವಿಷಯ ಇಲ್ಲಿದೆ. ಆರು ಎಂದ ಕೂಡಲೇ ಪದ್ಧತಿ ಒಂದೇ ಎಂದುಕೊಳ್ಳಬಾರದು.

ಮೊದಲ ದಾರಿ, 2019ರ ಕಬಡ್ಡಿಯದ್ದು: ಮೂರಕ್ಕೆ ಆರು, ನಾಲ್ಕಕ್ಕೆ ಐದು ಎದುರಾಗಿ ಗೆದ್ದವರು ಮೊದಲೆರಡು ತಂಡಗಳ ಜೊತೆ ಸೆಮಿಫೈನಲ್ ಆಡುವುದು. ಹೆಚ್ಚುವುದು ಒಂದೇ ಪಂದ್ಯ. ಆದರೆ ಮೊದಲೆರಡು ತಂಡಗಳ ಎರಡನೇ ಅವಕಾಶ ಹೋಯಿತು; ಅವರ ಪಾಲು ಶೇ. 37.5ರಿಂದ 25ಕ್ಕೆ ಇಳಿಯಿತು. ಆರನೆಯವರಿಗೂ ಶೇ. 12.5 ಸಿಕ್ಕಿತು.

ಎರಡನೇ ದಾರಿ: ಆ ನಾಲ್ಕು ತಂಡಗಳು ತಮ್ಮತಮ್ಮಲ್ಲೇ ಎರಡು ಸುತ್ತು ಆಡಿ ಒಬ್ಬರನ್ನು ಕಳಿಸಲಿ, ಆ ಒಬ್ಬರು ಕ್ವಾಲಿಫೈಯರ್-1ರಲ್ಲಿ ಸೋತವರನ್ನು ಎದುರಿಸಲಿ. ಹೆಚ್ಚುವುದು ಎರಡು ಪಂದ್ಯ. ಮೊದಲೆರಡು ತಂಡಗಳ ಶೇ. 37.5 ಹಾಗೇ ಉಳಿಯುತ್ತದೆ, ಉಳಿದ ನಾಲ್ವರಿಗೆ ತಲಾ ಶೇ. 6.25. ತಡವಾಗಿ ಬಂದವರಿಗೂ ಎಲೆ ಹಾಕಿದಂತಾಯಿತು, ಮೊದಲ ಪಂಕ್ತಿಯವರ ಊಟಕ್ಕೂ ಕೊರತೆಯಾಗಲಿಲ್ಲ.

ನಮ್ಮ ಅಭಿಪ್ರಾಯ

ಹತ್ತು ತಂಡಗಳಿಗೆ ನಾಲ್ಕೇ ಸಾಕು ಎಂಬುದು ನಮ್ಮ ಅನಿಸಿಕೆ. 2025ರಲ್ಲಿ ಆರನೇ ಸ್ಥಾನದಲ್ಲಿದ್ದ ಹೈದರಾಬಾದ್ ಗೆದ್ದದ್ದು 6, ಸೋತದ್ದು 7. ಗೆಲುವಿಗಿಂತ ಸೋಲೇ ಹೆಚ್ಚಿರುವ ತಂಡ ಕಪ್‌ಗೆ ಹಕ್ಕುದಾರನಾಗುವುದು ಲೀಗ್‌ಗೆ ಶೋಭೆಯಲ್ಲ. ನಾಲ್ಕರಿಂದ ಆಸೆ ಬೇಗ ಸಾಯುತ್ತದೆ ಎನ್ನುವ ಮಾತೂ ಪೂರ್ತಿ ನಿಜವಲ್ಲ. 2024ರಲ್ಲಿ ಮೊದಲ ಎಂಟರಲ್ಲಿ ಏಳು ಸೋತಿದ್ದ ಆರ್‌ಸಿಬಿ ಸತತ ಆರು ಗೆದ್ದು, ಚೆನ್ನೈಯನ್ನು ಹಿಂದಿಕ್ಕಿ ನಾಲ್ಕನೆಯದಾಗಿ ಬರಲಿಲ್ಲವೇ? ಐದು ತಂಡಗಳ ಫೈನಲ್ಸ್ ಆಡಿಸುತ್ತಿದ್ದ ಆಸ್ಟ್ರೇಲಿಯಾದ ಬಿಗ್ ಬ್ಯಾಶ್ ಕೂಡ 2023-24ರಲ್ಲಿ ಲೀಗ್ ಪಂದ್ಯಗಳನ್ನು ಕಡಿಮೆ ಮಾಡಿದಾಗ ನಾಲ್ಕಕ್ಕೆ ಮರಳಿತು.

ಐಪಿಎಲ್ ಪಂದ್ಯಗಳನ್ನು 84ಕ್ಕೆ, 94ಕ್ಕೆ ಏರಿಸುವ ಮಾತು ಪ್ರಸಾರ ಹಕ್ಕಿನ ಹರಾಜಿನ ಕಾಲದಿಂದಲೂ ಇದೆ. ಲೀಗ್ ದೊಡ್ಡದಾದಂತೆ ಆರು ತಂಡಗಳ ಬೇಡಿಕೆಯೂ ಬಲವಾಗಬಹುದು. ಹಾಗಾದರೆ ಎರಡನೇ ದಾರಿಯೇ ಬರಲಿ.

ಏಕೆಂದರೆ ಮೊದಲೆರಡು ಸ್ಥಾನಗಳ ಬೆಲೆ ಏನೆಂದು 2025 ನಮಗೆ ತೋರಿಸಿಕೊಟ್ಟಿದೆ. ಮೇ 27ರಂದು ಲಖನೌದಲ್ಲಿ ಆರ್‌ಸಿಬಿ ಪ್ಲೇಆಫ್‌ಗೆ ಆಗಲೇ ಅರ್ಹವಾಗಿತ್ತು. ಆದರೂ 228 ರನ್‌ಗಳ ಗುರಿಯನ್ನು ಬೆನ್ನಟ್ಟಿ, ಜಿತೇಶ್ ಶರ್ಮಾ ಅಜೇಯ 85 ಹೊಡೆದು ಗೆಲ್ಲಿಸಿದ್ದು ಆ ಎರಡನೇ ಸ್ಥಾನಕ್ಕಾಗಿಯೇ. ಸೋತಿದ್ದರೆ ಮೂರನೇ ಸ್ಥಾನ, ಎಲಿಮಿನೇಟರ್‌ನ ಕತ್ತಿ. ಗೆದ್ದದ್ದರಿಂದ ಕ್ವಾಲಿಫೈಯರ್-1, ಅಲ್ಲಿಂದ ನೇರ ಫೈನಲ್. ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ ಗೆಲುವಿನ ಅಂತರ 6 ರನ್. 2009ರಲ್ಲಿ ನಾವು ಸೋತ ಅದೇ ಅಂತರ! ಹದಿನೆಂಟು ವರ್ಷ "ಈ ಸಲ ಕಪ್ ನಮ್ದೇ" ಎಂದು ಕಾದವರಿಗೆ, ಲೀಗ್‌ನ ಕೊನೆಯ ಪಂದ್ಯಕ್ಕೂ ಬೆಲೆ ಇರಬೇಕು ಎಂಬುದನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.