ಮೊಕ್ಯಾಸಿನ್ ಬೂಟಿನ ಹಿತ ಚರ್ಮದ್ದೋ, ಹೊಲಿಗೆಯದ್ದೋ? ಕೊಳ್ಳುವ ಮುನ್ನ ಜೈನ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಅಮೆರಿಕ, ಕೆನಡಾ ಕಡೆಗೆ ಓದಲು ಅಥವಾ ಕೆಲಸಕ್ಕೆ ಹೊರಟ ಮಕ್ಕಳಿರುವ ಜೈನ ಮನೆಗಳಲ್ಲಿ ಊಟದ ಬಗ್ಗೆ ನಡೆಯುವಷ್ಟು ಚರ್ಚೆ ಕಾಲಿಗೆ ಹಾಕುವ ವಸ್ತುವಿನ ಬಗ್ಗೆ ನಡೆಯುವುದಿಲ್ಲ. ಕುಕ್ಕರ್, ಚಟ್ನಿಪುಡಿ, ಅವಲಕ್ಕಿ ಎಲ್ಲವೂ ಸೂಟ್‌ಕೇಸ್ ಸೇರುತ್ತವೆ. ಬೂಟನ್ನು ಮಾತ್ರ ಅಲ್ಲೇ ಕೊಂಡರಾಯಿತು ಎಂದು ಬಿಟ್ಟುಬಿಡುತ್ತಾರೆ. ಚಳಿಗಾಲ ಬಂದು ಹಿಮ ಬೀಳತೊಡಗಿದಾಗ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಚರ್ಮದ ಬೂಟು. ಅದರಲ್ಲೂ ‘ಮೊಕ್ಯಾಸಿನ್’ ಎಂದು ಕರೆಯುವ, ಕೈಯಲ್ಲಿ ಹೊಲಿದ ಮೆತ್ತನೆಯ ಬೂಟಿಗೆ ಅಲ್ಲಿ ವಿಶೇಷ ಹೆಸರಿದೆ. ಒಮ್ಮೆ ಕಾಲಿಟ್ಟು ನೋಡಿದವರಿಗೆ ತೆಗೆಯಲು ಮನಸ್ಸು ಬಾರದು. ಬೆಲ್ಟು, ಪರ್ಸು, ಗಡಿಯಾರದ ಪಟ್ಟಿಯನ್ನೂ ಚರ್ಮದ್ದಲ್ಲವೆಂದು ವಿಚಾರಿಸಿಯೇ ಕೊಳ್ಳುವ ಮನೆಯಿಂದ ಬಂದ ಹುಡುಗ ಅಥವಾ ಹುಡುಗಿಗೆ ಆಗ ಒಂದು ಪ್ರಶ್ನೆ ಏಳುತ್ತದೆ. ಈ ಹಿತ ಚರ್ಮವಿಲ್ಲದೆ ಸಿಗುವುದೇ ಇಲ್ಲವೇ?

ಬಹುಮಟ್ಟಿಗೆ ಸಿಗುತ್ತದೆ. ಅದಕ್ಕೆ ಮೊದಲು ಈ ಬೂಟಿನ ರಚನೆಯನ್ನು ಸ್ವಲ್ಪ ತಿಳಿಯಬೇಕು.

ಮೊಕ್ಯಾಸಿನ್ ಉತ್ತರ ಅಮೆರಿಕದ ಮೂಲನಿವಾಸಿಗಳ ಪಾದರಕ್ಷೆ. ಹೆಸರು ಬಂದದ್ದು ಅವರ ಅಲ್ಗಾಂಕಿಯನ್ ಭಾಷಾಕುಟುಂಬದಿಂದ. ನಾವು ಬಳಸುವ ಸಾಮಾನ್ಯ ಶೂಗಳಲ್ಲಿ ಗಟ್ಟಿಯಾದ ಅಟ್ಟೆಯ ಮೇಲೆ ಮೇಲ್ಭಾಗವನ್ನು ಕೂರಿಸಿ ಅಂಟಿಸುತ್ತಾರೆ ಅಥವಾ ಹೊಲಿಯುತ್ತಾರೆ. ನಿಜವಾದ ಮೊಕ್ಯಾಸಿನ್‌ನಲ್ಲಿ ಇದು ತಿರುಗುಮುರುಗು. ಒಂದೇ ತುಂಡು ಚರ್ಮವನ್ನು ಪಾದದ ಕೆಳಗಿಟ್ಟು, ಸುತ್ತಲಿಂದ ತೊಟ್ಟಿಲಿನಂತೆ ಮೇಲಕ್ಕೆತ್ತಿ, ಬೆರಳುಗಳ ಮೇಲ್ಗಡೆ ನೆರಿಗೆ ಹಿಡಿದು ಹೊಲಿಯುತ್ತಾರೆ. ಕಾಡು ಪ್ರದೇಶದ ಜನರು ಅಟ್ಟೆಯೂ ಮೆತ್ತಗಿರುವಂತೆ ಮಾಡಿಕೊಂಡರು. ಕಲ್ಲುಮುಳ್ಳಿನ ಬಯಲುಸೀಮೆಯವರು ಹದ ಮಾಡದ ಗಟ್ಟಿ ತೊಗಲನ್ನು ಕೆಳಗೆ ಬೇರೆಯಾಗಿ ಹೊಲಿದರು. ನೈಋತ್ಯದ ಅಪಾಚೆ ಜನರದು ಮೊಣಕಾಲಿನವರೆಗೂ ಏರುವ ಬೂಟು. ಇಂದು ದುಬಾರಿ ಬೆಲೆಗೆ ಮಾರಾಟವಾಗುವ ಉದ್ದನೆಯ ಮೊಕ್ಯಾಸಿನ್ ಬೂಟುಗಳು ಬಹುಪಾಲು ಅದರ ಮಾದರಿಯವು.

ಆ ಜನರ ಬದುಕನ್ನು ನಮ್ಮ ವ್ರತಗಳ ಅಳತೆಗೋಲಿನಿಂದ ಅಳೆಯುವುದು ತರವಲ್ಲ. ವರ್ಷದ ಅರ್ಧ ಭಾಗ ನೆಲವೇ ಕಾಣದ ಹಿಮದ ನಾಡಿನಲ್ಲಿ ಬೇಟೆಯಾಡಿದ ಪ್ರಾಣಿಯ ಯಾವ ಭಾಗವನ್ನೂ ಅವರು ಹಾಳು ಮಾಡುತ್ತಿರಲಿಲ್ಲ. ಜಿಂಕೆಯ ತೊಗಲನ್ನು ಅದರದೇ ಮಿದುಳಿನ ಕೊಬ್ಬು ತಿಕ್ಕಿ ಹದ ಮಾಡಿ, ಹೊಗೆಗೆ ಒಡ್ಡುತ್ತಿದ್ದರು. ಹೊಗೆ ಹಿಡಿದ ಚರ್ಮ ನೆನೆದು ಒಣಗಿದ ಮೇಲೂ ಮೃದುವಾಗಿಯೇ ಉಳಿಯುತ್ತದೆ. ಇಂದು ನಗರದಲ್ಲಿ ಕಾರ್ಡ್ ಉಜ್ಜಿ ಕೊಳ್ಳುವವರ ಮುಂದಿರುವ ಪ್ರಶ್ನೆ ಬೇರೆಯದು. ಅವರಿಗೆ ಹತ್ತಾರು ಆಯ್ಕೆಗಳಿವೆ.

ಹಿತ ಎಲ್ಲಿಂದ, ಬೆಲೆ ಯಾವುದಕ್ಕೆ

ಈ ಬೂಟು ಹಿತವಾಗಿರಲು ಎರಡು ಕಾರಣಗಳಿವೆ. ಮಾರುವವರು ಅವೆರಡನ್ನೂ ಕಲೆಸಿ ‘ಅಸಲಿ ಚರ್ಮ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಒಂದು ಕಾರಣ ಆಕಾರ. ಬೆರಳುಗಳು ಹರಡಿಕೊಳ್ಳಲು ಮುಂಭಾಗದಲ್ಲಿ ಜಾಗವಿರುತ್ತದೆ. ಹಿಮ್ಮಡಿ ಎತ್ತರವಿರುವುದಿಲ್ಲ. ಅಟ್ಟೆ ಪಾದದೊಂದಿಗೆ ಬಾಗುತ್ತದೆ. ಹೊಲಿಗೆ ಪಾದದ ಮೇಲ್ಗಡೆ ಬರುವುದರಿಂದ ತುಳಿಯುವ ಜಾಗದಲ್ಲಿ ಒತ್ತುವ ಅಂಚು ಇರುವುದಿಲ್ಲ. ಇದಿಷ್ಟಕ್ಕೂ ಚರ್ಮವೇ ಆಗಬೇಕೆಂದಿಲ್ಲ. ದಪ್ಪ ಕ್ಯಾನ್ವಾಸ್ ಆದರೂ, ಮೈಕ್ರೋಫೈಬರ್ ಆದರೂ ಇದೇ ರೀತಿ ಕತ್ತರಿಸಿ ಹೊಲಿಯಬಹುದು.

ಇನ್ನೊಂದು ಕಾರಣ ಚರ್ಮದ್ದೇ ಗುಣ. ಅದರೊಳಗಿನ ಕೊಲಾಜೆನ್ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಆದ್ದರಿಂದ ಅದು ಬೆವರನ್ನು ಹೀರಿ ನಿಧಾನವಾಗಿ ಹೊರಬಿಡುತ್ತದೆ, ಒತ್ತಿದಲ್ಲಿ ಹಿಗ್ಗಿ ಹಾಗೆಯೇ ನಿಲ್ಲುತ್ತದೆ. ಬೆಳಗಾವಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಥಣಿ, ನಿಪ್ಪಾಣಿಗಳಲ್ಲೂ ತಯಾರಾಗುವ, 2019ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರದ ಜಿಲ್ಲೆಗಳಿಗೆ ಜಂಟಿಯಾಗಿ ಭೌಗೋಳಿಕ ಸೂಚಕ ದೊರೆತ ಕೊಲ್ಹಾಪುರಿ ಚಪ್ಪಲಿ ಮೊದಲ ವಾರ ಕಚ್ಚುತ್ತದೆ, ಆಮೇಲೆ ಹಾಕಿದವರ ಪಾದದ ಅಚ್ಚನ್ನೇ ಪಡೆಯುತ್ತದೆ. ಈ ಗುಣವನ್ನು ಪೂರ್ತಿಯಾಗಿ ಕೊಡುವ ಬದಲಿ ವಸ್ತು ಇನ್ನೂ ಬಂದಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಒಳ್ಳೆಯ ಮೈಕ್ರೋಫೈಬರ್ ಸಾಕಷ್ಟು ಹತ್ತಿರ ಬರುತ್ತದೆ. ಅಗ್ಗದ ರೆಕ್ಸಿನ್ ಮಾತ್ರ ಹತ್ತಿರವೂ ಸುಳಿಯದು, ಅದರೊಳಗೆ ಕಾಲು ಬೇಯುತ್ತದೆ.

ಇನ್ನು ಬೆಲೆ. ಕೈಹೊಲಿಗೆಯ ಮೊಕ್ಯಾಸಿನ್‌ಗಳು ಅಮೆರಿಕದಲ್ಲಿ ಸುಮಾರು 300 ಡಾಲರ್ ಆಸುಪಾಸಿನಿಂದ ಆರಂಭವಾಗುತ್ತವೆ. ಪಾದದ ಗೆರೆ ಎಳೆದು, ಮೀನಖಂಡದ ಅಳತೆ ಕಳುಹಿಸಿ ಮಾಡಿಸುವ ಮೊಣಕಾಲುದ್ದದ ಬೂಟು 1,000 ಡಾಲರ್ ದಾಟುವುದೂ ಇದೆ. ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಸಾವಿರದಿಂದ ಲಕ್ಷದ ಹತ್ತಿರ. ಇದರಲ್ಲಿ ದೊಡ್ಡ ಪಾಲು ಕೈಕೆಲಸದ್ದು. ನೆನೆಸಿದ ಚರ್ಮವನ್ನು ಅಚ್ಚಿನ ಮೇಲೆ ಎಳೆದು, ಎರಡು ಸೂಜಿಗಳಲ್ಲಿ ಒಂದೊಂದೇ ನೆರಿಗೆ ಸಮವಾಗಿ ಕೂರುವಂತೆ ಹೊಲಿಯಲು ವರ್ಷಗಳ ಅಭ್ಯಾಸ ಬೇಕು. ಉಳಿದದ್ದು ಚರ್ಮದ್ದು, ಮತ್ತು ಇಲ್ಲಿ ಗಮನಿಸಬೇಕಾದ ಅಂಶವಿದೆ. ಕಾರ್ಖಾನೆಯ ಶೂ ಅನೇಕ ಚಿಕ್ಕ ತುಂಡುಗಳಿಂದ ಆಗುತ್ತದೆ. ಮೊಕ್ಯಾಸಿನ್‌ಗೆ ಗಾಯ, ಕಲೆ ಇಲ್ಲದ ದೊಡ್ಡ ತುಂಡೇ ಬೇಕು. ಹಾಗಾಗಿ ‘ಹೇಗೂ ಬಿಸಾಡುವ ಚರ್ಮವಲ್ಲವೇ’ ಎಂಬ ಸಮಾಧಾನ ಈ ಬೂಟಿನ ಮಟ್ಟಿಗಂತೂ ಹೊಂದುವುದಿಲ್ಲ. ಆರಿಸಿ ಆರಿಸಿ ಕೊಂಡ ತೊಗಲದು.

ಅಟ್ಟೆ ಸವೆದಾಗ ಹೊಸದನ್ನು ಹಾಕಿಸಬಹುದು, ಹತ್ತು ವರ್ಷ ಬಾಳಿಕೆ ಬರುತ್ತದೆ ಎಂಬುದು ಮಾರುವವರ ಇನ್ನೊಂದು ಮಾತು. ಒಳ್ಳೆಯ ಕೈಹೊಲಿಗೆಯ ಮಟ್ಟಿಗೆ ಅದು ನಿಜವಿರಬಹುದು. ಆದರೆ ಹಿಮದ ಊರಿನ ರಸ್ತೆಗಳಲ್ಲಿ ಚಳಿಗಾಲದಲ್ಲಿ ಉಪ್ಪು ಎರಚುತ್ತಾರೆ. ಆ ಉಪ್ಪುನೀರಿನ ರಾಡಿ ಚರ್ಮದ ಶತ್ರು. ಅಮೆರಿಕದ ಮೇನ್ ರಾಜ್ಯದ ಎಲ್. ಎಲ್. ಬೀನ್ ಎಂಬಾತ 1912ರಲ್ಲಿ ಬೇಟೆಗಾರರಿಗಾಗಿ ಬೂಟು ಮಾಡಲು ಹೊರಟಾಗ, ಒದ್ದೆಯಾಗುವ ಕೆಳಭಾಗಕ್ಕೆ ಚರ್ಮ ಬಿಟ್ಟು ರಬ್ಬರ್ ಹಾಕಿದ್ದ. ಮೊದಲ 100 ಜೊತೆಗಳಲ್ಲಿ 90 ಹೊಲಿಗೆ ಬಿಟ್ಟು ವಾಪಸು ಬಂದರೂ ರಬ್ಬರಿನ ಯೋಚನೆಯನ್ನು ಬಿಡಲಿಲ್ಲ. ಒದ್ದೆ ಹಿಮಕ್ಕೆ ಇಂದಿಗೂ ರಬ್ಬರ್ ತಳದ ಬೂಟೇ ವಾಸಿ. ಮೇಲ್ಭಾಗ ನೈಲಾನ್, ಒಳಗೆ ‘ಥಿನ್ಸುಲೇಟ್’ನಂಥ ಕೃತಕ ನಾರಿನ ಪದರವಿರುವ ಬೂಟು ಚರ್ಮದ ಮೊಕ್ಯಾಸಿನ್‌ಗಿಂತ ಬಹಳ ಅಗ್ಗ, ಚಳಿಗೂ ಹೆಚ್ಚು ಸೂಕ್ತ.

ತಾನಾಗಿ ಸತ್ತ ಪ್ರಾಣಿಯ ಚರ್ಮವಾದರೆ?

ಇದು ಮನೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ. ಕೊಲ್ಲದೆ ಸಿಕ್ಕ ಚರ್ಮ, ಅಹಿಂಸಾ ಚರ್ಮ ಎಂದು ಕೆಲವರು ಮಾರುವುದೂ ಉಂಟು. ಸತ್ತ ದನದ ಚರ್ಮವನ್ನಷ್ಟೇ ಬಳಸಬೇಕೆಂದು ಗಾಂಧೀಜಿಯವರೂ ಹೇಳುತ್ತಿದ್ದರು. ಮುನಿಗಳು ನವಿಲುಗರಿಯ ಪಿಂಛಿಯನ್ನು ಹಿಡಿಯುವುದಿಲ್ಲವೇ ಎಂಬ ವಾದವೂ ಇದರೊಂದಿಗೆ ಬರುತ್ತದೆ.

ಗರಿಯ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ನವಿಲು ವರ್ಷಕ್ಕೊಮ್ಮೆ ಗರಿಗಳನ್ನು ತಾನೇ ಉದುರಿಸುತ್ತದೆ, ಉದುರಿಸಿ ಬದುಕಿರುತ್ತದೆ. ಜಿಂಕೆಯ ಕೊಂಬೂ ಹಾಗೆಯೇ ಉದುರುತ್ತದೆ. ದನವಾಗಲಿ ಜಿಂಕೆಯಾಗಲಿ ಬದುಕಿರುವಾಗ ತನ್ನ ತೊಗಲನ್ನು ಬಿಟ್ಟುಕೊಡುವುದಿಲ್ಲ. (ಮೊಕ್ಯಾಸಿನ್ ಬೂಟುಗಳಿಗೆ ಕೊಂಬಿನ ಗುಂಡಿ ಹಾಕುವುದು ಸಾಮಾನ್ಯ. ಆ ಕೊಂಬು ಉದುರಿದ್ದೋ, ಬೇಟೆಯದ್ದೋ ಎಂಬುದು ಗುಂಡಿ ನೋಡಿದರೆ ತಿಳಿಯದು.)

ಶಾಸ್ತ್ರಗಳು ಈ ವಿಷಯದಲ್ಲಿ ಮೌನವಾಗಿಲ್ಲ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ತಾನಾಗಿ ಸತ್ತ ಎಮ್ಮೆ, ಎತ್ತಿನ ಮಾಂಸದಲ್ಲೂ ಹಿಂಸೆ ತಪ್ಪದು, ಏಕೆಂದರೆ ಅದನ್ನಾಶ್ರಯಿಸಿದ ನಿಗೋದ ಜೀವಗಳ ಘಾತವಾಗುತ್ತದೆ ಎಂದು ಹೇಳುತ್ತಾರೆ. ಅಲ್ಲಿನ ಮಾತು ಮಾಂಸದ ಬಗ್ಗೆ, ಬೂಟಿನ ಬಗ್ಗೆ ಅಲ್ಲ, ನಿಜ. ಆದರೆ 13ನೇ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಚರ್ಮದ ಪಾತ್ರೆಯಲ್ಲಿಟ್ಟ ನೀರು, ಎಣ್ಣೆಗಳ ಬಳಕೆಯನ್ನೂ ಮಾಂಸತ್ಯಾಗದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಬಸದಿಯೊಳಗೆ ಚರ್ಮದ ಬೆಲ್ಟು, ಪರ್ಸು ತರಬಾರದೆಂಬ ರೂಢಿಯ ಹಿಂದಿರುವುದೂ ಇದೇ ಭಾವ.

ಗೃಹಸ್ಥರಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಪೂರ್ತಿಯಾಗಿ ಬಿಡಲಾಗದು ಎಂಬ ರಿಯಾಯಿತಿ ಇದೆ. ಸಂಕಲ್ಪೀ ಹಿಂಸೆಗೆ ಆ ರಿಯಾಯಿತಿ ಇಲ್ಲ. ಬೂಟು ಕೊಂಡವರು ಕೊಂದವರಲ್ಲ ಎಂಬುದು ಸರಿ. ಆದರೂ ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ಉಳಿದೆರಡಕ್ಕೆ ಉತ್ತರ ಕೊಡಬೇಕಾಗುತ್ತದೆ. ಕಸಾಯಿಖಾನೆಯ ಆದಾಯದಲ್ಲಿ ತೊಗಲಿನ ಪಾಲೂ ಇರುವುದರಿಂದ, ಬೇರೆ ದಾರಿ ಇದ್ದೂ ಒಳ್ಳೆಯ ತೊಗಲಿಗೆ ಹೆಚ್ಚು ಬೆಲೆ ಕೊಡುವುದನ್ನು ಬರೀ ಕಾಲಿನ ಅಗತ್ಯ ಎನ್ನುವುದು ಕಷ್ಟ.

ಕೊಳ್ಳುವಾಗ ನೋಡಬೇಕಾದದ್ದು

ಮೇಲೆ ಚರ್ಮವಿಲ್ಲದಿದ್ದರೆ ಕೆಲಸ ಮುಗಿಯಿತು ಎಂದು ಬಹಳ ಜನ ತಿಳಿಯುತ್ತಾರೆ. ಚರ್ಮ ಅಡಗಿ ಕೂರುವುದು ಒಳಅಟ್ಟೆಯಲ್ಲಿ, ಹಿಮ್ಮಡಿಯ ಒಳಪಟ್ಟಿಯಲ್ಲಿ, ನಾಲಗೆಯ ಅಂಚಿನಲ್ಲಿ, ಹೆಸರು ಒತ್ತಿದ ಪುಟ್ಟ ಚೀಟಿಯಲ್ಲಿ. ‘ಸ್ವೇಡ್’, ‘ನ್ಯೂಬಕ್’ ಎಂದರೂ ಚರ್ಮವೇ. ‘ಶಿಯರ್ಲಿಂಗ್’ ಎಂದರೆ ಉಣ್ಣೆ ಮಾತ್ರವಲ್ಲ, ಉಣ್ಣೆಸಹಿತವಾದ ಕುರಿಯ ತೊಗಲು. ‘ಬಾಂಡೆಡ್ ಲೆದರ್’ ಎಂದರೆ ಚರ್ಮದ ಪುಡಿಯನ್ನು ಅಂಟಿನಿಂದ ಕೂಡಿಸಿದ್ದು.

ಯುರೋಪಿನ ಒಕ್ಕೂಟದಲ್ಲಿ 1994ರ ನಿಯಮದಂತೆ ಶೂಗಳ ಮೇಲೆ ಗುರುತುಗಳಿರುತ್ತವೆ. ಹರಡಿದ ತೊಗಲಿನ ಆಕಾರವಿದ್ದರೆ ಚರ್ಮ. ಅದರೊಳಗೆ ವಜ್ರಾಕೃತಿ ಇದ್ದರೆ ಲೇಪನವಿರುವ ಚರ್ಮ. ನೇಯ್ಗೆಯ ಬಲೆ ಬಟ್ಟೆಗೆ, ಬರಿಯ ವಜ್ರಾಕೃತಿ ಇತರ ವಸ್ತುಗಳಿಗೆ. ಈ ಗುರುತು ಉಪಯುಕ್ತ, ಆದರೆ ಅದರಲ್ಲೊಂದು ಸಂದಿ ಇದೆ. ಆಯಾ ಭಾಗದಲ್ಲಿ ಶೇ. 80ರಷ್ಟಿರುವ ವಸ್ತುವನ್ನು ತೋರಿಸಿದರೆ ಸಾಕು. ಬಟ್ಟೆಯ ಗುರುತಿರುವ ಮೇಲ್ಭಾಗದಲ್ಲೂ ಸ್ವಲ್ಪ ಚರ್ಮ ಇರಬಹುದು. ಆದ್ದರಿಂದ ಗುರುತು ನೋಡಿದ ಮೇಲೂ ‘ಇದು ಪೂರ್ತಿ ವೀಗನ್ ಆಗಿದೆಯೇ, ಅಂಟೂ ಸೇರಿ?’ ಎಂದು ಕೇಳುವುದು ಒಳ್ಳೆಯದು. ಹಿಂದೆ ಮೂಳೆ, ತೊಗಲು ಕುದಿಸಿ ಮಾಡಿದ ಅಂಟು ಬಳಕೆಯಲ್ಲಿತ್ತು. ಈಗ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಕೃತಕ ಅಂಟೇ ಇರುವುದು.

ಕಣ್ಣಿನ ಪರೀಕ್ಷೆಯೂ ಸ್ವಲ್ಪ ನೆರವಾಗುತ್ತದೆ. ಕತ್ತರಿಸಿದ ಅಂಚು ಎಳೆಎಳೆಯಾಗಿದ್ದರೆ ಚರ್ಮವಿರಬಹುದು. ಬಟ್ಟೆಯ ಮೇಲೆ ಪದರ ಅಂಟಿಸಿದಂತಿದ್ದರೆ ಕೃತಕ. ಮೈಕ್ರೋಫೈಬರ್ ಮಾತ್ರ ಈ ಪರೀಕ್ಷೆಯಲ್ಲಿ ಅನುಭವಿಗಳನ್ನೂ ಮೋಸಗೊಳಿಸುತ್ತದೆ. ವಾಸನೆ ನಂಬಬೇಡಿ, ವಾಸನೆಯನ್ನೂ ಬೆರೆಸಿ ಮಾರುತ್ತಾರೆ. ಸುಟ್ಟು ನೋಡಿದರೆ ಕೂದಲು ಸುಟ್ಟ ವಾಸನೆ ಬರುತ್ತದೆಂಬುದು ನಿಜವಾದರೂ ಅಂಗಡಿಯವರು ಒಪ್ಪುವ ಪರೀಕ್ಷೆ ಅದಲ್ಲ!

ಬದಲಿ ವಸ್ತುಗಳಿಗೂ ದೋಷಗಳಿವೆ. ಅನಾನಸ್ ಎಲೆಯ ನಾರಿನದು, ಕಳ್ಳಿಯದು ಎಂದು ಹೆಸರಾದ ‘ಸಸ್ಯ ಚರ್ಮ’ಗಳಲ್ಲೂ ಪಾಲಿಯುರೆಥೇನ್, ಅಂದರೆ ಪಿಯು, ಲೇಪನ ಇರುವುದು ಸಾಮಾನ್ಯ. ಪ್ಲಾಸ್ಟಿಕ್ ಕೊನೆಗೆ ಮಣ್ಣು, ನೀರಿನ ಜೀವಿಗಳನ್ನೇ ತಲುಪುತ್ತದೆ ಎಂಬ ಯುವಕರ ಆಕ್ಷೇಪವನ್ನು ತಳ್ಳಿಹಾಕಲಾಗದು. ಇದಕ್ಕೆ ಇರುವ ಉತ್ತರ ಕಡಿಮೆ ಜೊತೆ ಕೊಳ್ಳುವುದು, ಕೊಂಡದ್ದನ್ನು ಹೆಚ್ಚು ಕಾಲ ಹಾಕುವುದು. ಅಪರಿಗ್ರಹದ ಮಾತೂ ಅದೇ. ಪಿಯು ಅಟ್ಟೆಯ ಶೂವನ್ನು ಮದುವೆ ಮುಂಜಿಗೆಂದು ಡಬ್ಬಿಯಲ್ಲಿ ಮುಚ್ಚಿಟ್ಟರೆ ಗಾಳಿಯ ತೇವದಿಂದಲೇ ಅದು ಒಳಗೊಳಗೆ ಶಿಥಿಲವಾಗಿ, ಮೂರ್ನಾಲ್ಕು ವರ್ಷಗಳ ನಂತರ ಹಾಕಿದ ದಿನವೇ ಪುಡಿಪುಡಿಯಾಗಿ ಉದುರಬಹುದು. ಮೂಡುಬಿದಿರೆ, ಕಾರ್ಕಳದಂಥ ಮಳೆಯೂರುಗಳಲ್ಲಿ ಇನ್ನೂ ಬೇಗ. ರಬ್ಬರ್ ಅಟ್ಟೆಗೆ ಈ ತೊಂದರೆ ಕಡಿಮೆ.

ಮೊಕ್ಯಾಸಿನ್‌ನಂಥ ಹಿತವೇ ಬೇಕಾದವರು ಮುಂಭಾಗ ಅಗಲವಿರುವ, ಕೈಯಲ್ಲಿ ಹಿಡಿದರೆ ಸುಲಭವಾಗಿ ಬಾಗುವ, ಹಿಮ್ಮಡಿ ಎತ್ತರವಿಲ್ಲದ, ಮೈಕ್ರೋಫೈಬರ್ ಅಥವಾ ದಪ್ಪ ಹತ್ತಿಬಟ್ಟೆಯ ಮೇಲ್ಭಾಗವುಳ್ಳ ಬೂಟನ್ನು ಹುಡುಕಬಹುದು. ಅದು ಚರ್ಮದಂತೆ ಹಿಗ್ಗುವುದಿಲ್ಲವಾದ್ದರಿಂದ ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ಹಾಕುವ ಕಾಲುಚೀಲದೊಂದಿಗೇ ಅಳತೆ ನೋಡಬೇಕು. ‘ಹಾಕ್ತಾ ಹಾಕ್ತಾ ಸರಿಹೋಗುತ್ತೆ’ ಎಂಬ ಅಂಗಡಿಯವರ ಮಾತು ಇಲ್ಲಿ ನಡೆಯದು. ನಮ್ಮ ಊರುಗಳಲ್ಲಿ ಮೊಕ್ಯಾಸಿನ್ ಹೆಸರಿನಲ್ಲಿ ಮಾರುವ ಲೋಫರ್‌ಗಳ ನೆರಿಗೆ ಹೊಲಿಗೆ ಬಹಳ ಸಲ ಬರೀ ಅಲಂಕಾರ. ಅದನ್ನು ನೋಡಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಈಗಾಗಲೇ ಮನೆಯಲ್ಲಿರುವ ಚರ್ಮದ ಬೂಟನ್ನು ಏನು ಮಾಡುವುದೆಂಬುದರಲ್ಲಿ ಒಮ್ಮತವಿಲ್ಲ. ಕೆಲವರು ಸವೆಯುವವರೆಗೆ ಹಾಕಿ ಮತ್ತೆ ಕೊಳ್ಳುವುದಿಲ್ಲ ಎನ್ನುತ್ತಾರೆ. ವ್ರತ ತೆಗೆದುಕೊಂಡವರು ಅಂದೇ ಬಿಡುತ್ತಾರೆ. ಬಿಡುವುದಾದರೆ ಕಸಕ್ಕೆ ಹಾಕುವುದಕ್ಕಿಂತ, ಹೇಗೂ ಹೊಸ ಚರ್ಮದ ಬೂಟು ಕೊಳ್ಳಲಿದ್ದವರಿಗೆ ಕೊಡುವುದು ಲೇಸು. ಒಂದು ಹೊಸ ಜೊತೆಯ ಖರೀದಿಯಾದರೂ ಅಷ್ಟರಮಟ್ಟಿಗೆ ತಪ್ಪುತ್ತದೆ.