ಆಪ್ಟಿಕಲ್ ಫೈಬರ್‌ನಲ್ಲಿ ಅರೇಖೀಯ ಸಂಕೇತ ಅಡಚಣೆ

ಅರೇಖೀಯ ಸಂಕೇತ ಅಡಚಣೆ ಎಂದರೆ ಆಪ್ಟಿಕಲ್ ಫೈಬರ್‌ನೊಳಗೆ ಸಾಗುವ ಬೆಳಕಿನ ತೀವ್ರತೆಯೇ ಗಾಜಿನ ಗುಣವನ್ನು ಬದಲಿಸಿ, ಸಂಕೇತಗಳು ತಮ್ಮನ್ನೂ ನೆರೆಯ ಸಂಕೇತಗಳನ್ನೂ ಕೆಡಿಸುವ ವಿದ್ಯಮಾನ. ದೂರದ ಸಂಪರ್ಕಗಳಲ್ಲಿ ಎಷ್ಟು ದತ್ತಾಂಶ ಸಾಗಿಸಬಹುದೆಂಬುದಕ್ಕೆ ಇದು ಮುಖ್ಯ ಮಿತಿಯಾಗಿದೆ.

ಕಾರಣ

ಬೆಳಕಿನ ತೀವ್ರತೆ ಹೆಚ್ಚಿದಂತೆ ಗಾಜಿನ ವಕ್ರೀಭವನ ಸೂಚ್ಯಂಕವೂ ಅತ್ಯಲ್ಪ ಪ್ರಮಾಣದಲ್ಲಿ ಹೆಚ್ಚುತ್ತದೆ. ಇದು ಕೆರ್ ಪರಿಣಾಮ. ಏಕವಿಧ ಫೈಬರ್‌ನಲ್ಲಿ ಬೆಳಕು ಸುಮಾರು 80 ಚದರ ಮೈಕ್ರೋಮೀಟರ್ ಜಾಗದಲ್ಲಿ ಕಿಕ್ಕಿರಿದಿರುತ್ತದೆ. ಕೇವಲ 1 ಮಿಲಿವಾಟ್ ಕೂಡ ಅಲ್ಲಿ ನಡುಹಗಲಿನ ಬಿಸಿಲಿನ ಹತ್ತು ಸಾವಿರ ಪಟ್ಟಿಗೂ ಮಿಕ್ಕ ತೀವ್ರತೆಯನ್ನು ಉಂಟುಮಾಡುತ್ತದೆ. ಆದ್ದರಿಂದ ಸಂಕೇತದ ಪ್ರಾವಸ್ಥೆ ತನ್ನದೇ ಶಕ್ತಿಯಿಂದಲೂ ಪಕ್ಕದ ತರಂಗದೂರಗಳ ಶಕ್ತಿಯಿಂದಲೂ ಪಲ್ಲಟಗೊಳ್ಳುತ್ತದೆ. ಮೂರು ತರಂಗಗಳು ಬೆರೆತು ನಾಲ್ಕನೆಯದು ಹುಟ್ಟುವುದೂ ಉಂಟು.

ಇನ್ನೊಂದು ಕಾರಣ ರಾಮನ್ ಚದುರಿಕೆ. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸಿ. ವಿ. ರಾಮನ್ ಇದನ್ನು 1928ರಲ್ಲಿ ಕಲ್ಕತ್ತೆಯಲ್ಲಿ ಗುರುತಿಸಿದರು. ಇದರಿಂದ ಕಿರಿದಾದ ತರಂಗದೂರದ ಚಾನೆಲ್‌ಗಳ ಶಕ್ತಿ ಹಿರಿದಾದವುಗಳಿಗೆ ಸೋರುತ್ತದೆ. ಇದೇ ಪರಿಣಾಮವನ್ನು ವರ್ಧಕವಾಗಿಯೂ ಬಳಸುವುದರಿಂದ ಇದನ್ನು ಬರಿಯ ದೋಷವೆನ್ನಲಾಗದು.

ತಗ್ಗಿಸುವ ವಿಧಾನಗಳು

ಶಕ್ತಿಯ ಆಯ್ಕೆಯೇ ಮೊದಲ ಉಪಾಯ. ಹುಬ್ಬಳ್ಳಿ–ಬೆಂಗಳೂರು ನಡುವಿನ ಸುಮಾರು 400 ಕಿ.ಮೀ. ದೂರಕ್ಕೆ 80 ಕಿ.ಮೀ.ಗೊಂದರಂತೆ ಇಟ್ಟರೆ ನಡುವೆ ನಾಲ್ಕು ವರ್ಧಕಗಳು ಬೇಕು. ಪ್ರತಿಯೊಂದೂ ತನ್ನ ಗದ್ದಲವನ್ನು ಸೇರಿಸುತ್ತದೆ. ಅದನ್ನು ಮೀರಲು ಶಕ್ತಿ ಏರಿಸಿದರೆ ಅರೇಖೀಯ ಗದ್ದಲ ಶಕ್ತಿಯ ಘನಕ್ಕೆ ಅನುಗುಣವಾಗಿ, ಅಂದರೆ 1 ಡೆಸಿಬಲ್‌ಗೆ 3 ಡೆಸಿಬಲ್‌ನಂತೆ, ಬೆಳೆಯುತ್ತದೆ. ವರ್ಧಕದ ಗದ್ದಲವು ಅರೇಖೀಯ ಗದ್ದಲದ ಎರಡರಷ್ಟಿರುವ ಬಿಂದುವೇ ಸೂಕ್ತ ಶಕ್ತಿಯೆಂದು ಲೆಕ್ಕಾಚಾರ ತೋರಿಸುತ್ತದೆ.

ವರ್ಣವಿಭಜನೆಯ ಪಾತ್ರ ವಿಚಿತ್ರವಾದದ್ದು. ಸ್ಪಂದಗಳು ಹರಡುವುದನ್ನು ತಪ್ಪಿಸಲು 1550 ನ್ಯಾನೋಮೀಟರ್ ಬಳಿ ವರ್ಣವಿಭಜನೆಯೇ ಇಲ್ಲದ ಫೈಬರ್ ರೂಪಿಸಲಾಯಿತು. ಅದರಲ್ಲಿ ತರಂಗಗಳು ಜೊತೆಜೊತೆಯಾಗಿ ಸಾಗಿ ಇನ್ನಷ್ಟು ಬೆರೆತವು. ಹೀಗಾಗಿ ಸ್ವಲ್ಪ ವರ್ಣವಿಭಜನೆಯನ್ನು ಉಳಿಸಿಕೊಂಡ ಫೈಬರ್‌ಗಳು ಬಂದವು. ಬೆಳಕಿಗೆ ಹೆಚ್ಚು ಜಾಗ ಕೊಡುವ ಅಗಲ ತಿರುಳಿನ ಫೈಬರ್‌ಗಳೂ ಬಳಕೆಯಲ್ಲಿವೆ.

ಗ್ರಾಹಕದಲ್ಲಿ ಡಿಜಿಟಲ್ ಹಿಮ್ಮುಖ ಪ್ರಸರಣವನ್ನು ಅನ್ವಯಿಸಬಹುದು: ಫೈಬರ್‌ನ ಸಮೀಕರಣವನ್ನು ವಿರುದ್ಧ ಚಿಹ್ನೆಗಳೊಂದಿಗೆ ಬಿಡಿಸಿ ಸಂಕೇತವನ್ನು ಹಿಂದಕ್ಕೆ ನಡೆಸುವುದು. ಇದಕ್ಕೆ ಭಾರೀ ಗಣನೆ ಬೇಕು; ಗದ್ದಲ ಯಾದೃಚ್ಛಿಕವಾದ್ದರಿಂದ ಅದರ ಪರಿಣಾಮವನ್ನು ಅಳಿಸಲಾಗದು.

ಗ್ರಾಮೀಣ ಜಾಲಗಳಲ್ಲಿ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದಂಥ ತಾಲೂಕುಗಳ ಗ್ರಾಮಗಳಿಗೆ ಹೊಂದುವ ನಿಷ್ಕ್ರಿಯ ಫೈಬರ್ ಜಾಲಗಳ ವ್ಯಾಪ್ತಿ ಸಾಮಾನ್ಯವಾಗಿ 20 ಕಿ.ಮೀ. ಅಲ್ಲಿ ನಡುವೆ ವರ್ಧಕಗಳಿರುವುದಿಲ್ಲ. ಅರೇಖೀಯ ಅಡಚಣೆ ಬಹುತೇಕ ನಗಣ್ಯ. ವಿಭಾಜಕ, ಜೋಡಣೆ ಮತ್ತು ಬಾಗುಗಳಲ್ಲಾಗುವ ನಷ್ಟವೇ ಲೆಕ್ಕಕ್ಕೆ ಬರುತ್ತದೆ. ಅದೇ ಎಳೆಯಲ್ಲಿ 1550 ನ್ಯಾನೋಮೀಟರ್‌ನ ಟಿವಿ ಸಂಕೇತವನ್ನೂ ಕಳುಹಿಸಿದರೆ ಮಾತ್ರ 1490ರ ದತ್ತಾಂಶ ರಾಮನ್ ಪರಿಣಾಮದಿಂದ ಅದಕ್ಕೆ ತೊಡಕಾಗಬಹುದು.