ತಂತಿ ಬಂದರೆ ಸಾಲದು, ಕಲಿಸುವವರೂ ಬೇಕು



ಇಂದು ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ಆನ್‌ಲೈನ್‌ನಲ್ಲೇ ಹಾಕಬೇಕು, ಹೊಲದ ಪಹಣಿಯೂ ಅಲ್ಲೇ ಸಿಗುತ್ತದೆ. ಕಲಬುರಗಿ ನಗರದಲ್ಲಿರುವ ನಮಗೆ ಸೈಬರ್ ಅಂಗಡಿ ಹತ್ತಿರ. ಕಮಲಾಪುರ ತಾಲ್ಲೂಕಿನ ಹಳ್ಳಿಯಿಂದ ಕೂಲಿಕಾರರು ಬಸ್ ಹತ್ತಿ ಬಂದರೆ ಒಂದು ದಿನದ ಕೂಲಿಯೇ ಹೋಗುತ್ತದೆ.

ಹಳ್ಳಿಗಳಿಗೆ ಇಂಟರ್ನೆಟ್ ತಲುಪಿಸಲು ಕೇಂದ್ರ ಸರಕಾರ 2011ರಲ್ಲಿ ಒಪ್ಪಿದ ಯೋಜನೆಯೇ ಇಂದಿನ ಭಾರತ್‌ನೆಟ್. ಅದರ ಫೈಬರ್ ತಂತಿ ಗ್ರಾಮ ಪಂಚಾಯಿತಿಯವರೆಗೆ ಬರುತ್ತದೆ. ಆದರೆ ತಂತಿ ತಾನಾಗಿ ಏನನ್ನೂ ಕಲಿಸುವುದಿಲ್ಲ. 2017ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವು ಮನೆಗೊಬ್ಬರಿಗೆ 20 ತಾಸುಗಳ ತರಬೇತಿ ನೀಡುವ ಯೋಜನೆಯಾಗಿತ್ತು. 2024ರ ಮಾರ್ಚ್‌ಗೆ ಅದು ಮುಗಿಯಿತು. ಮನೆಯ ಉಳಿದವರಿಗೆ ಇನ್ನು ಕಲಿಸಬೇಕಾದವರು ನಾವೇ.

ಕಲಿಯದವರು ಫೋನನ್ನು ಪರರ ಕೈಗೆ ಕೊಡುತ್ತಾರೆ, ಒಟಿಪಿಯನ್ನೂ ಹೇಳಿಬಿಡುತ್ತಾರೆ. ಒಟಿಪಿ ಎಂದರೆ ಖಾತೆಯ ಬೀಗದ ಕೈ, ಮನೆಯವರೆಲ್ಲರ ದುಡಿಮೆಯ ಅಮಾನತ್. ಬ್ಯಾಂಕಿನವರೆಂದು ಕೇಳಿದರೂ ಹೇಳಬಾರದು. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ನಗರದಲ್ಲಿ ಓದುವ ನಮ್ಮ ಮಕ್ಕಳು ರಜೆಗೆ ಊರಿಗೆ ಹೋದಾಗ ಮೂರು ಕೆಲಸ ಕಲಿಸಲಿ: ಅರ್ಜಿ ಎಲ್ಲಿಗೆ ಬಂದಿದೆ ಎಂದು ನೋಡುವುದು, ಪಾಸ್‌ವರ್ಡ್ ತಾವೇ ಇಟ್ಟುಕೊಳ್ಳುವುದು, ಸುಳ್ಳು ಕರೆಯನ್ನು ಗುರುತಿಸುವುದು. ಮೊದಲು ತಾಯಂದಿರಿಗೆ ಕಲಿಸಲಿ. ಮಕ್ಕಳ ಓದಿನ ಚಿಂತೆ ಹೆಚ್ಚಾಗಿ ಅವರದೇ. ಕೂರಲು ಮಸೀದಿಯ ಅಂಗಳವಾದರೂ ಸರಿ, ಪಂಚಾಯಿತಿಯ ಅರಿವು ಕೇಂದ್ರವಾದರೂ ಸರಿ.

ಒಂದು ಮಾತು ನೆನಪಿರಲಿ. ಕೆಲಸ ಮಾಡಿಕೊಟ್ಟು ಎದ್ದು ಬರಬೇಡಿ, ಫೋನ್ ಕಲಿಯುವವರ ಕೈಯಲ್ಲೇ ಇರಲಿ. ಮಾಡಿಕೊಟ್ಟದ್ದು ಒಂದು ದಿನದ ಉಪಕಾರ, ಕಲಿಸಿದ್ದು ಸದಕಾ ಜಾರಿಯಾ. ಅಲ್ಲಾಹನು ನಮಗೆಲ್ಲ ಅದರ ತೌಫೀಕ್ ನೀಡಲಿ. ಆಮೀನ್.